ದೇಶಾಂತರದ ಗುಲಾಬಿ

ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿರುವವು. ಓಣಿಗೆ ಬಾಗಿಲು, ಬಾಗಿಲಿಗೊಂದು ಕಟ್ಟೆ. ಹಿತ್ತಲೆಂಬುದು ಬಹಳ ಮನೆಗಳಿಗೆ ಇಲ್ಲ. ಆದುದರಿಂದ ಗಿಡಗಳ ಹವ್ಯಾಸವುಳ್ಳವರು ಮಾಳಿಗೆಯ ಮೇಲೆ ಕುಂಡಗಳನ್ನಿಟ್ಟುಕೊಳ್ಳುವರು. ಅಂಥ ಒಂದು ಮನೆಯ ಯಜಮಾನನು ಕೆಲವು ವರ್ಷಗಳ ಹಿಂದೆ ಸಂಸಾರಸಹಿತನಾಗಿ ಉದಕಮಂಡಲಕ್ಕೆ ಹೋಗಿದ್ದನು. ಅಲ್ಲಿಯ ಸರಕಾರಿ ಗುಲಾಬಿ ತೋಟವನ್ನು ಕಂಡು ಬೆರಗಾಗಿ, ಬರುವಾಗ ಪೇಟೆಯಲ್ಲಿ ಕಸಿ ಕಟ್ಟಿದ ಗುಲಾಬಿಯ ಗಿಡವೊಂದನ್ನು ಕೊಂಡು, ಒದ್ದೆ ಗೋಣಿಯಲ್ಲಿ ಸುತ್ತಿ, ರೈಲಿನಲ್ಲಿ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ತಂದನು. ಅದು 'ಪೀಸ್' ಎಂಬ ಜಾತಿಯ ಗಿಡ. ಬೆಣ್ಣೆಯ ಬಣ್ಣದ ದಳ, ಅಂಚಿಗೆ ನಸುಗೆಂಪು. ಉದಕಮಂಡಲದಲ್ಲಿ ಅದರ ಹೂವು ಒಂದು ಬೊಗಸೆಯನ್ನು ತುಂಬುವಷ್ಟಿತ್ತು.

ಮೊದಲನೆಯ ಬೇಸಿಗೆಯಲ್ಲಿ ಆ ಗಿಡವು ಹುಬ್ಬಳ್ಳಿಯಲ್ಲಿ ಕೊಟ್ಟ ಹೂವು ನಿಂಬೆಹಣ್ಣಿನಷ್ಟಾಯಿತು. ಬೆಳಿಗ್ಗೆ ಬಿರಿದದ್ದು ಮಧ್ಯಾಹ್ನಕ್ಕೆ ಬಾಡಿತು. ಅಂಚಿನ ಕೆಂಪು ಕಾಣಲೇ ಇಲ್ಲ. ಮಳೆಗಾಲದಲ್ಲಿ ಎಲೆಗಳಿಗೆ ಕಪ್ಪು ಚುಕ್ಕೆಗಳೆದ್ದು ಗಿಡವು ಬೋಳಾಯಿತು. ಮರುವರ್ಷವೂ ಅದೇ ಗತಿ. ಯಜಮಾನನು ಮೊದಲು ಮಾರಿದವನನ್ನು ಬೈದನು, ಆಮೇಲೆ ಗಿಡವನ್ನು ಬೈದನು. ಮೂರನೆಯ ವರ್ಷ ಅದನ್ನು ಕಿತ್ತೊಗೆಯುವೆನೆಂದು ಹೊರಟಾಗ ಅವನ ವೃದ್ಧ ತಾಯಿಯು ಅಡ್ಡ ಬಂದಳು.

"ಅದರದೇನು ತಪ್ಪೋ ತಮ್ಮಾ? ಅದು ತನ್ನ ಊರಾಗ ಇದ್ದಂಗ ಇಲ್ಲೂ ಇರಬೇಕಂದ್ರ ಹ್ಯಾಂಗ? ನಿನ್ನ ಹೇಣ್ತಿ ಶಿರಸಿಯಿಂದ ಬಂದಾಕಿ, ಎರಡು ವರ್ಷ ಈ ಮನ್ಯಾಗ ದನಿ ತಗದಿರಲಿಲ್ಲ. ಹುಡುಗಿ ಮಂದ ಅದಾಳ ಅಂತ ನೀನ ಅಂದಿದ್ದಿ. ನೆನಪೈತೇನು?"

ಮಗನು ಉತ್ತರ ಕೊಡಲಿಲ್ಲ. ಸೊಸೆಯು ಅಲ್ಲಿಯೇ ಅಕ್ಕಿ ಆರಿಸುತ್ತ ಕುಳಿತಿದ್ದಳು, ಅವಳೂ ತಲೆಯೆತ್ತಲಿಲ್ಲ.

ಮುದುಕಿಯು ಕೇಳಿದ ಪ್ರಶ್ನೆಯು ಸಣ್ಣದಲ್ಲ. ಒಂದು ವಸ್ತುವು ಒಂದು ದೇಶದಲ್ಲಿ ಒಂದು ಬಗೆಯಾಗಿ, ಮತ್ತೊಂದು ದೇಶದಲ್ಲಿ ಮತ್ತೊಂದು ಬಗೆಯಾಗಿ ತೋರಿದರೆ, ಅದರ ನಿಜವಾದ ರೂಪವು ಯಾವದು? ಅದು ಎರಡನೆಯ ದೇಶದಲ್ಲಿ ಕುಗ್ಗಿದರೆ ತಪ್ಪು ಯಾರ ಮೇಲೆ ಬರುವದು? ಇದನ್ನು ವಿಚಾರಿಸುವದಕ್ಕೆ ಗುಲಾಬಿಯಷ್ಟು ಅನುಕೂಲವಾದ ಉದಾಹರಣೆ ದೊರೆಯಲಾರದು. ಹೇಗೆಂದರೆ, ಹೆಸರುಳ್ಳ ಗುಲಾಬಿಗಳು ಬೀಜದಿಂದ ಬೆಳೆಯುವವಲ್ಲ. ಫ್ರಾನ್ಸಿನ ಫ್ರಾನ್ಸಿಸ್ ಮೇಯಾನನು ಎರಡನೆಯ ಮಹಾಯುದ್ಧದ ಮೊದಲು ಬೆಳೆಸಿದ ಒಂದೇ ಒಂದು ಸಸಿಯಿಂದ ಕಣ್ಣು ತೆಗೆದು, ಆ ಕಣ್ಣಿನಿಂದಾದ ಗಿಡದ ಕಣ್ಣನ್ನು ಮತ್ತೆ ತೆಗೆದು ಕಸಿ ಕಟ್ಟುತ್ತ ಬಂದುದರಿಂದಲೇ 1945ರಲ್ಲಿ ಶಾಂತಿಯ ಹೆಸರನ್ನು ಪಡೆದ ಈ 'ಪೀಸ್' ಜಗತ್ತನ್ನೆಲ್ಲ ಹಬ್ಬಿತು. ಉದಕಮಂಡಲದ ಗಿಡವೂ ಕಮರಿಪೇಟೆಯ ಗಿಡವೂ ಅಣ್ಣತಮ್ಮಂದಿರಲ್ಲ. ಒಂದೇ ಶರೀರದ ಎರಡು ತುಂಡುಗಳು. ಆದುದರಿಂದ 'ಇದರ ಕುಲವೇ ಕೆಟ್ಟದ್ದು' ಎಂಬ ಮಾತಿಗೆ ಇಲ್ಲಿ ಆಸ್ಪದವಿಲ್ಲ.

ವೇದಾಂತಿಗಳು ಸ್ಫಟಿಕ ಮತ್ತು ದಾಸವಾಳಗಳ ದೃಷ್ಟಾಂತವನ್ನು ಹೇಳುವರು. ಸಿದ್ಧಾರೂಢರ ಮಠವಿರುವ ಊರಿನಲ್ಲಿ ಅದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಕೆಂಪು ಹೂವಿನ ಸನ್ನಿಧಿಯಿಂದ ಸ್ಫಟಿಕವು ಕೆಂಪಾಗಿ ತೋರುವದು. ಹೂವನ್ನು ತೆಗೆದರೆ ಸ್ಫಟಿಕವು ಮೊದಲಿನಂತೆಯೇ ಶುಭ್ರ. ಉಪಾಧಿಯು ತೋರಿಕೆಯನ್ನು ಮಾತ್ರ ಕೆಡಿಸುವದು, ವಸ್ತುವನ್ನಲ್ಲ. ಗುಲಾಬಿಗೆ ಈ ದೃಷ್ಟಾಂತವು ಅರ್ಧ ಹೊಂದುವದು, ಅರ್ಧ ಹೊಂದುವದಿಲ್ಲ. ಸೆಕೆ ಹೆಚ್ಚಾದಲ್ಲಿ ದಳದ ಕೆಂಪು ಬಣ್ಣವು ಕಡಿಮೆ ಹುಟ್ಟುವದು. ಮೊಗ್ಗು ಅವಸರದಿಂದ ಬಲಿಯುವದು. ದಳಗಳ ಸಂಖ್ಯೆಯೂ ಗಾತ್ರವೂ ಇಳಿಯುವವು. ಇದು ಬರಿಯ ತೋರಿಕೆಯಲ್ಲ. ಬೇಸಿಗೆಯಲ್ಲಿ ಬಲಿತ ಮೊಗ್ಗನ್ನು ಆಮೇಲೆ ಎಷ್ಟು ತಣ್ಣಗಿನ ಸ್ಥಳದಲ್ಲಿಟ್ಟರೂ ಅದು ಬೆಟ್ಟದ ಹೂವಾಗದು. ತಾನು ಮೊಗ್ಗಾಗಿದ್ದ ದಿನಗಳ ಬಿಸಿಲನ್ನು ಹೊತ್ತುಕೊಂಡೇ ಅದು ಅರಳುವದು. ಆದರೆ ಅದೇ ಟೊಂಗೆಯನ್ನು ಸವರಿದ ಮೇಲೆ ಚಳಿಗಾಲದಲ್ಲಿ ಹೊರಡುವ ಚಿಗುರಿಗೆ ಆ ಬಿಸಿಲಿನ ಸ್ಮರಣೆಯೇ ಇರುವದಿಲ್ಲ. ಹೂವು ಕೆಟ್ಟೀತು, ಗಿಡದ ಸ್ವಭಾವವು ಕೆಟ್ಟಿರುವದಿಲ್ಲ. ಒಂದು ಋತುವಿನ ಹೂವನ್ನು ನೋಡಿ ಗಿಡಕ್ಕೆ ಹೆಸರಿಡುವದು ಎಷ್ಟು ಅವಿಚಾರವೆಂಬುದು ಇದರಿಂದ ತಿಳಿಯುವದು. ಶಾಲೆಗಳಲ್ಲಿ ಹಳ್ಳಿಯಿಂದ ಹೊಸದಾಗಿ ಬಂದ ಹುಡುಗನನ್ನು ಮೊದಲ ಪರೀಕ್ಷೆಯಲ್ಲಿಯೇ ದಡ್ಡನೆಂದು ಬರೆದಿಡುವದುಂಟು. ಅದೂ ಇದೇ ಜಾತಿಯ ಅವಿಚಾರ.

ಇಲ್ಲಿಗೆ ಬಂದ ವಿಚಾರಿಯು ಸುಲಭವಾಗಿ ಇನ್ನೊಂದು ನಿರ್ಣಯಕ್ಕೆ ಜಾರುವನು: 'ಗಿಡದ್ದೂ ತಪ್ಪಿಲ್ಲ, ಊರಿನದೂ ತಪ್ಪಿಲ್ಲ, ತಂದದ್ದೇ ತಪ್ಪು. ಎಲ್ಲಿಯದು ಅಲ್ಲಿಯೇ ಇರತಕ್ಕದ್ದು.' ಈ ಮಾತಿಗೆ ಶಾಸ್ತ್ರದ ಆಧಾರವನ್ನೂ ತರುವರು. ಚರಕಸಂಹಿತೆಯು ಭೂಮಿಯನ್ನು ಜಾಂಗಲ, ಆನೂಪ, ಸಾಧಾರಣ ಎಂದು ಮೂರು ಬಗೆಯಾಗಿ ವಿಂಗಡಿಸಿ ಒಂದೊಂದಕ್ಕೂ ಅದರದರ ಗಿಡಮರಗಳನ್ನೂ ಪ್ರಕೃತಿಯನ್ನೂ ಹೇಳಿರುವದು. ನೀರು ಕಡಿಮೆಯಾಗಿ ಗಾಳಿ ಬಿಸಿಲುಗಳು ಹೆಚ್ಚಾದದ್ದು ಜಾಂಗಲ. ನೀರು ನೆರಳು ಹೆಚ್ಚಾದದ್ದು ಆನೂಪ. ಎರಡೂ ಬೆರೆತದ್ದು ಸಾಧಾರಣ. ಹುಬ್ಬಳ್ಳಿಯಲ್ಲಿ ನಿಂತು ಪಶ್ಚಿಮಕ್ಕೆ ಕಲಘಟಗಿಯ ದಾರಿ ಹಿಡಿದರೆ ಕಾಡು ಮೊದಲಾಗುವದು. ಪೂರ್ವಕ್ಕೆ ಅಣ್ಣಿಗೇರಿಯ ದಾರಿ ಹಿಡಿದರೆ ಕಣ್ಣು ಹರಿಯುವತನಕ ಎರೆ ಹೊಲ. ನಡುವಿನ ಈ ಊರು ಸಮುದ್ರಮಟ್ಟದಿಂದ ಸುಮಾರು 670 ಮೀಟರ್ ಎತ್ತರದಲ್ಲಿರುವದು. ಉದಕಮಂಡಲವು 2,200 ಮೀಟರಿಗಿಂತ ಮೇಲೆ. ಇಷ್ಟು ಅಂತರವಿರಲು ಅಲ್ಲಿಯ ಗಿಡ ಇಲ್ಲೇಕೆ? ಪರಧರ್ಮವು ಭಯಾವಹವಲ್ಲವೆ? ಎಂದು ಕೇಳುವರು.

ಕೇಳುವದಕ್ಕೆ ಈ ಮಾತು ಗಂಭೀರವಾಗಿದೆ. ಆದರೆ ಇದನ್ನು ಒಪ್ಪಿಕೊಂಡವನು ಗುಲಾಬಿಯನ್ನೇ ಬಿಡಬೇಕಾಗುವದು. ಏಕೆಂದರೆ ಇಂದು ತೋಟಗಳಲ್ಲಿರುವ ಗುಲಾಬಿಗೆ 'ಅಲ್ಲಿಯದು' ಎಂದು ಹೇಳಿಕೊಳ್ಳುವ ಒಂದು ಊರೇ ಇಲ್ಲ. ಹೆಸರನ್ನೇ ನೋಡಬಹುದು. 'ಗುಲಾಬ' ಎಂಬುದು ಪಾರಸೀ ಮಾತು. ಅರ್ಥವು ಹೂವಿನ ನೀರು, ಎಂದರೆ ಪನ್ನೀರು. ನೀರಿನ ಹೆಸರು ಗಿಡಕ್ಕೆ ಬಂದಿತು. ಸಂಸ್ಕೃತದಲ್ಲಿ 16ನೆಯ ಶತಮಾನದ ಭಾವಮಿಶ್ರನು ಶತಪತ್ರೀ, ತರುಣೀ ಎಂಬ ಹೆಸರುಗಳನ್ನು ಕೊಟ್ಟಿರುವನು. ಉತ್ತರದಲ್ಲಿ ಬಿಳಿಯ ಗುಲಾಬಿಗೆ 'ಸೇವತಿ' ಎನ್ನುವದುಂಟು. ಕನ್ನಡಿಗರ ಸೇವಂತಿಗೆಯಾದರೋ ಬೇರೆಯೇ ಹೂವು. ಹೆಸರುಗಳೇ ಇಷ್ಟು ದೇಶ ಸುತ್ತಿರಲು ಗಿಡದ ಮಾತೇನು?

ಯುರೋಪಿನ ಹಳೆಯ ಗುಲಾಬಿಗಳು ಬಹುಮಟ್ಟಿಗೆ ವರ್ಷಕ್ಕೊಮ್ಮೆ ಹೂ ಬಿಟ್ಟು ಸುಮ್ಮನಾಗುತ್ತಿದ್ದವು. ತಿಂಗಳು ತಿಂಗಳೂ ಹೂ ಬಿಡುವ ಗುಣವು ಚೀನದ ಗುಲಾಬಿಯಲ್ಲಿತ್ತು. 18ನೆಯ ಶತಮಾನದ ಕೊನೆಯಿಂದ ಆ ಗಿಡಗಳು ಹಡಗಿನಲ್ಲಿ ಪಶ್ಚಿಮಕ್ಕೆ ಹೋದವು. ಹಡಗು ಕಲಕತ್ತೆಯಲ್ಲಿ ತಂಗಿ ಹೋಗುತ್ತಿದ್ದುದರಿಂದ ಫ್ರೆಂಚರು ಚೀನದ ಗಿಡವನ್ನು 'ಬಂಗಾಲದ ಗುಲಾಬಿ' ಎಂದು ಕರೆದರು! ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ, ಆಗಿನ ಬೂರ್ಬೊನಿನಲ್ಲಿ, ರೈತರು ಚೀನದ ಗುಲಾಬಿಯನ್ನೂ ಪಶ್ಚಿಮದ ದಮಾಸ್ಕ ಗುಲಾಬಿಯನ್ನೂ ಹೊಲದ ಬೇಲಿಗೆ ಒಟ್ಟಿಗೆ ನೆಡುತ್ತಿದ್ದರು. 1817ರ ಸುಮಾರಿಗೆ ಆ ಎರಡರ ಸಂಕರದಿಂದ ತಾನಾಗಿ ಹುಟ್ಟಿದ ಗಿಡವು ಅಲ್ಲಿ ಕಂಡುಬಂದಿತು. ಆ ಬೇಲಿಯ ಸಂತಾನವೇ ಉತ್ತರ ಹಿಂದುಸ್ತಾನದಲ್ಲಿ ಎಡ್ವರ್ಡ್ ಗುಲಾಬಿಯೆನಿಸಿ ಹಾರಕ್ಕೂ ಪನ್ನೀರಿಗೂ ಕಸಿಯ ಬುಡಕ್ಕೂ ಒದಗಿತು. 1867ರ 'ಲಾ ಫ್ರಾನ್ಸ್' ಎಂಬುದನ್ನು ಈಗಿನ ದೊಡ್ಡ ಹೂವಿನ ಗುಲಾಬಿಗಳ ಮೊದಲಿಗಳೆಂದು ಎಣಿಸುವರು. ಅವಳ ರಕ್ತದಲ್ಲಿಯೂ ಪೂರ್ವಪಶ್ಚಿಮಗಳೆರಡೂ ಇರುವವು. ಎಲ್ಲಿಯದು ಅಲ್ಲಿಯೇ ಇದ್ದಿದ್ದರೆ ಇವುಗಳಲ್ಲಿ ಒಂದೂ ಹುಟ್ಟುತ್ತಿರಲಿಲ್ಲ.

ಕಮರಿಪೇಟೆಗೂ ಈ ಮಾತು ಹೊಸದಲ್ಲ. ಈ ಪೇಟೆಯಲ್ಲಿ ಬಹುಕಾಲದಿಂದ ನೆಲೆಸಿರುವ ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ ಸಮಾಜದ ನೇಕಾರ ಮನೆತನಗಳು ತಮ್ಮ ಹಿರಿಯರು ಉತ್ತರದಿಂದ ಬಂದವರೆಂದು ಹೇಳಿಕೊಳ್ಳುವವು. ಮನೆಯೊಳಗೆ ಒಂದು ಮಾತು, ಓಣಿಯಲ್ಲಿ ಅಚ್ಚ ಹುಬ್ಬಳ್ಳಿಯ ಕನ್ನಡ. ಅವರನ್ನು ಇಲ್ಲಿಯವರಲ್ಲವೆನ್ನುವ ಧೈರ್ಯ ಯಾರಿಗಿದೆ? ಸ್ವಧರ್ಮವೆಂಬ ದೊಡ್ಡ ಶಬ್ದವನ್ನು ಬೇಲಿಯ ಮುಳ್ಳಿನಂತೆ ಉಪಯೋಗಿಸುವವರು ಈ ಸಂಗತಿಗಳನ್ನು ನೋಡಬೇಕು. ಧರ್ಮವು ವಸ್ತುವಿನ ಸ್ವಭಾವಕ್ಕೆ ಸಂಬಂಧಿಸಿದ್ದು. ವಸ್ತುವು ನಿಂತ ಜಾಗಕ್ಕೆ ಅದನ್ನು ಮೊಳೆ ಹೊಡೆದು ಕೂಡ್ರಿಸಲಾಗದು.

ಹಾಗಾದರೆ ತಂದವನದು ತಪ್ಪಲ್ಲವೆ? ತಂದದ್ದು ತಪ್ಪಲ್ಲ. ತಂದ ಮೇಲೆ ತನ್ನ ಮೇಲೆ ಬಿದ್ದ ಋಣವನ್ನು ತಿಳಿಯದಿದ್ದದ್ದು ತಪ್ಪು. ದೇವಋಣ, ಋಷಿಋಣ, ಪಿತೃಋಣಗಳನ್ನು ಎಣಿಸಿದ ಹಿರಿಯರು ಇದನ್ನು ಬೇರೆಯಾಗಿ ಎಣಿಸಲಿಲ್ಲ. ಆದರೆ ಪರದೇಶದ ಜೀವವನ್ನು ತನ್ನ ಸಂತೋಷಕ್ಕಾಗಿ ಮನೆಗೆ ತಂದವನು ಅದಕ್ಕೆ ಸಾಲಗಾರನಾಗುವನೆಂಬುದರಲ್ಲಿ ಸಂಶಯವಿಲ್ಲ. ಗಿಡವು ತಾನಾಗಿ ರೈಲು ಹತ್ತಲಿಲ್ಲ.

ಈ ಸಾಲದ ಮೊದಲ ಕಂತು ಅರಿವು. ಹುಬ್ಬಳ್ಳಿಯ ಎರೆಮಣ್ಣು ಹತ್ತಿಗೂ ಜೋಳಕ್ಕೂ ತಾಯಿಯಂಥದು, ಗುಲಾಬಿಗೆ ಮಲತಾಯಿ. ಮಳೆಯಲ್ಲಿ ಅದು ನೀರನ್ನು ಬಿಡದೆ ಬೇರಿನ ಉಸಿರು ಕಟ್ಟಿಸುವದು, ಬೇಸಿಗೆಯಲ್ಲಿ ಬಿರಿದು ಬೇರನ್ನು ಹರಿಯುವದು. ಅದರಲ್ಲಿ ಸುಣ್ಣದ ಅಂಶ ಹೆಚ್ಚಾದುದರಿಂದ ಗಿಡವು ಮಣ್ಣಿನೊಳಗಿನ ಕಬ್ಬಿಣವನ್ನು ಹೀರಲಾರದು. ಎಳೆಯ ಎಲೆಗಳು ಹಳದಿಯಾಗಿ ನರಗಳಷ್ಟೇ ಹಸಿರಾಗಿ ಉಳಿಯುವವು. ಧಾರವಾಡದ ಕಡೆಯ ಕೆಮ್ಮಣ್ಣು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಸ್ವಲ್ಪ ಉಸುಕು ಬೆರೆಸಿದರೆ ಕುಂಡದಲ್ಲಿ ಈ ತೊಂದರೆ ಕಳೆಯುವದು. ವರಾಹಮಿಹಿರನು ಬೃಹತ್ಸಂಹಿತೆಯ ವೃಕ್ಷಾಯುರ್ವೇದಾಧ್ಯಾಯದಲ್ಲಿ, ಗಿಡ ನೆಡುವ ಮೊದಲು ಎಳ್ಳನ್ನು ಬಿತ್ತಿ ಅದು ಹೂ ಬಿಟ್ಟಾಗ ಮಣ್ಣಿನಲ್ಲಿಯೇ ತುಳಿದು ಸೇರಿಸಬೇಕೆಂದು ಹೇಳಿರುವನು. ಬರುವ ಅತಿಥಿಗಾಗಿ ನೆಲವನ್ನು ಸಿದ್ಧಪಡಿಸುವ ವಿಚಾರವು ಸಾವಿರದೈನೂರು ವರ್ಷದ ಹಿಂದೆಯೇ ಇತ್ತೆಂಬುದು ಗಮನಿಸತಕ್ಕದ್ದು.

ಆಮೇಲೆ ಋತುಗಳು. ಎಲೆಯು ಏಳು ತಾಸು ತೊಯ್ದೇ ಇದ್ದರೆ ಕಪ್ಪು ಚುಕ್ಕೆಯ ರೋಗಕ್ಕೆ ಬಾಗಿಲು ತೆರೆದಂತೆ. ಸಂಜೆ ಎಲೆಯ ಮೇಲೆ ನೀರು ಚಿಮುಕಿಸುವವರು ಪ್ರೀತಿಯಿಂದಲೇ ಗಿಡವನ್ನು ಕೊಲ್ಲುವರು. ಈ ರೋಗದ ಹಿಂದೆಯೂ ಒಂದು ಕಥೆಯಿದೆ. ಗುಲಾಬಿಯಲ್ಲಿ ಗಾಢವಾದ ಹಳದಿ ಬೇಕೆಂದು ಲಿಯೋನಿನ ಪೆರ್ನೆ-ದ್ಯುಶೆ ಎಂಬವನು ಪಶ್ಚಿಮ ಏಶಿಯದ ಒಣನಾಡಿನ ಹಳದಿ ಗುಲಾಬಿಯನ್ನು ಕೂಡಿಸಿ 1900ರಲ್ಲಿ ಹೊಸ ಜಾತಿಯೊಂದನ್ನು ಹೊರತಂದನು. ಮಳೆಯಿಲ್ಲದ ನಾಡಿನ ಗಿಡಕ್ಕೆ ಕಪ್ಪು ಚುಕ್ಕೆಯನ್ನು ತಡೆಯುವ ಶಕ್ತಿಯಿರಲಿಲ್ಲ; ಬಣ್ಣದೊಡನೆ ಆ ದೌರ್ಬಲ್ಯವೂ ಮುಂದಿನ ಸಂತತಿಗೆ ಇಳಿಯಿತು. ಆಶೆಯು ಬೇಡಿದ್ದನ್ನಷ್ಟೇ ಕೊಟ್ಟು ಸುಮ್ಮನಿರುವ ವರವು ಪುರಾಣಗಳಲ್ಲಿಯೂ ಇಲ್ಲ.

ಎಲ್ಲಕ್ಕಿಂತ ವಿಚಿತ್ರವಾದದ್ದು ನಿದ್ರೆಯ ಮಾತು. ಶೀತದೇಶದಲ್ಲಿ ಹಿಮವು ಬಿದ್ದು ಗುಲಾಬಿಯು ಎಲೆಯುದುರಿಸಿ ಮಲಗುವದು. ಅಲ್ಲಿಯ ತೋಟಗಾರನಿಗೆ ಗಿಡವು ಚಳಿಗೆ ಸಾಯದಂತೆ ಬುಡಕ್ಕೆ ಮಣ್ಣೇರಿಸುವ ಚಿಂತೆ. ಹುಬ್ಬಳ್ಳಿಯಲ್ಲಿ ಹಿಮವಿಲ್ಲ, ಆದುದರಿಂದ ನಿದ್ರೆಯಿಲ್ಲ. ಗಿಡವು ವರ್ಷವಿಡೀ ಎಚ್ಚತ್ತು, ಬಿಟ್ಟಷ್ಟೂ ಸಣ್ಣ ಹೂ ಬಿಡುತ್ತ ಸವೆಯುವದು. ಆದಕಾರಣ ಪಶ್ಚಿಮ ಹಿಂದುಸ್ತಾನದ ಬೆಳೆಗಾರರು ಮಳೆಗಾಲ ಮುಗಿದ ಮೇಲೆ ನೀರನ್ನು ತಡೆದು, ಬುಡದ ಮಣ್ಣನ್ನು ಸರಿಸಿ ಬೇರಿಗೆ ಕೆಲವು ದಿವಸ ಬಿಸಿಲು ತೋರಿಸಿ, ಎಲೆಯುದುರಿದ ಮೇಲೆ ಟೊಂಗೆಗಳನ್ನು ಸವರಿ ಗೊಬ್ಬರ ಹಾಕುವರು. ದ್ರಾಕ್ಷಿಯವರು ಚಾಟಣಿ ಎನ್ನುವದು ಇಂಥದನ್ನೇ. ನೋಡುವವನಿಗೆ ಇದು ಕ್ರೌರ್ಯವಾಗಿ ಕಾಣುವದು. ನೀರಿಲ್ಲದೆ ಬಾಡಿಸುವದು, ಬೇರನ್ನು ಬತ್ತಲೆ ಮಾಡುವದು, ಕತ್ತರಿಸುವದು; ಇದರಲ್ಲಿ ಪ್ರೀತಿ ಎಲ್ಲಿದೆ? ಆದರೆ ಇಲ್ಲಿ ತೋಟಗಾರನು ಗಿಡಕ್ಕೆ ಅದರ ತವರಿನ ಚಳಿಗಾಲವನ್ನು ತನಗೆ ಸಾಧ್ಯವಾದ ಕೈಯಿಂದ ಕೊಡುತ್ತಿರುವನು. ಹಾಗೆಂದು ಈ ಮಾತನ್ನು ಮನುಷ್ಯರಿಗೆ ಹಚ್ಚಿ, ಕಷ್ಟ ಕೊಡುವದೆಲ್ಲ ಉಪಕಾರವೆಂದು ಹೇಳುವದಕ್ಕೆ ಯಾರೂ ಹೊರಡಬಾರದು. ಅತ್ತೆಯರೂ ಮಾಸ್ತರರೂ ಈ ನೆವವನ್ನು ಸಾಕಷ್ಟು ಉಪಯೋಗಿಸಿರುವರು. ನಿದ್ರೆ ಬೇಕಾದ ಗಿಡಕ್ಕೆ ನಿದ್ರೆ ಕೊಡುವದು ಬೇರೆ; ತನ್ನ ಸಿಟ್ಟಿಗೆ ಶಿಕ್ಷಣವೆಂದು ಹೆಸರಿಡುವದು ಬೇರೆ.

ಋಣವಿದೆಯೆಂದು ಅದನ್ನು ತೀರಿಸುವದಕ್ಕೆ ಪರರ ಗಂಟಿಗೆ ಕೈ ಹಾಕಲೂ ಬಾರದು. ಹುಬ್ಬಳ್ಳಿಯಲ್ಲಿ ಈ ಗಂಟು ನೀರು. ಈ ಊರು ಮೊದಲು ಉಣಕಲ್ಲ ಕೆರೆಯನ್ನು ಕುಡಿಯಿತು, ಆಮೇಲೆ ಕಲಘಟಗಿಯ ಕಡೆಯ ನೀರಸಾಗರವನ್ನು, ಅದೂ ಸಾಲದೆ ಸವದತ್ತಿಯ ಬಳಿ ಕಟ್ಟಿ ನಿಲ್ಲಿಸಿದ ಮಲಪ್ರಭೆಯನ್ನು. ವಾರಕ್ಕೊಮ್ಮೆ, ಅದಕ್ಕೂ ತಡವಾಗಿ ನಳಕ್ಕೆ ನೀರು ಬಂದ ವರ್ಷಗಳನ್ನು ಇಲ್ಲಿಯ ಮನೆಗಳು ಮರೆತಿಲ್ಲ. ಬೇಸಿಗೆಯಲ್ಲಿ ಕುಂಡದ ಗುಲಾಬಿಯು ನಿತ್ಯವೂ ನೀರು ಬೇಡುವದು. ಪಕ್ಕದ ಮನೆಯವರು ಖಾಲಿ ಕೊಡಗಳನ್ನು ಸಾಲಾಗಿಟ್ಟು ಕಾಯುತ್ತಿರುವಾಗ ಮಾಳಿಗೆಯ ಮೇಲೆ ಬಟ್ಟಲಗಟ್ಟಲೆ ನೀರು ಹೊಯ್ಯುವ ಸೌಂದರ್ಯೋಪಾಸಕನ ಮನಸ್ಸು ಹಗುರವಾಗಿರಲಾರದು. ಹಗುರವಾಗಿದ್ದರೆ ಅದು ಇನ್ನೂ ಕೆಟ್ಟದ್ದು.

ಮಾಳಿಗೆಯ ಮೇಲಿನದಾದರೂ ಕಣ್ಣಿಗೆ ಕಾಣುವ ಪಾಪ. ಕಾಣದ್ದು ದೊಡ್ಡದಾಗಿದೆ. ಆಫ್ರಿಕೆಯ ಕೀನ್ಯಾ ದೇಶದಲ್ಲಿ ಭೂಮಧ್ಯರೇಖೆಯ ಹತ್ತಿರ, ಸುಮಾರು 1,900 ಮೀಟರ್ ಎತ್ತರದಲ್ಲಿ ನೈವಾಶಾ ಎಂಬ ಸರೋವರವಿದೆ. ವರ್ಷವಿಡೀ ತಂಪು, ವರ್ಷವಿಡೀ ಬಿಸಿಲು. ಗುಲಾಬಿಗೆ ಹೇಳಿ ಮಾಡಿಸಿದ ಹವೆ. ಅದರ ದಂಡೆಯಲ್ಲಿ ಬೆಳೆದ ಹೂಗಳು ವಿಮಾನದಲ್ಲಿ ಯುರೋಪಿಗೆ ಹೋಗುವವು. ಆ ಸರೋವರದ ನೀರನ್ನು ಎಷ್ಟು ಸೆಳೆಯಬೇಕು, ಅದರೊಳಗೆ ಏನು ಹರಿದುಬರುವದೆಂಬ ಚಿಂತೆ ಅಲ್ಲಿಯ ಮೀನುಗಾರರಿಗೂ ಪಂಡಿತರಿಗೂ ಬಹುದಿನದಿಂದ ಉಂಟು. ದೊಡ್ಡಬಳ್ಳಾಪುರ, ಹೊಸೂರುಗಳ ಪ್ಲಾಸ್ಟಿಕ್ ಹೊದಿಕೆಯ ಮನೆಗಳಲ್ಲಿಯೂ ಇದೇ ವ್ಯಾಪಾರ. ಹೂವನ್ನು ಕೊಳ್ಳುವವನಿಗೆ ಹೂವಷ್ಟೇ ಕಾಣುವದು. ಅಲ್ಲಿ ದುಡಿಯುವವರ ಅನ್ನದ ಪ್ರಶ್ನೆಯೂ ಅದರಲ್ಲಿರುವದರಿಂದ ಒಂದೇ ಮಾತಿನಲ್ಲಿ ಅದನ್ನು ತೆಗಳುವದು ನ್ಯಾಯವಲ್ಲ. ಆದರೆ ಕೆರೆಯ ನೀರಿಗೂ ತನಗೂ ಸಂಬಂಧವಿಲ್ಲವೆಂದು ಕೊಳ್ಳುವವನು ತಿಳಿಯಬಾರದು.

ದೇಶವನ್ನು ಗಿಡಕ್ಕೆ ತಕ್ಕಂತೆ ಬಗ್ಗಿಸುವ ಬದಲು ದೇಶಕ್ಕೆ ತಕ್ಕ ಗಿಡವನ್ನು ಹುಡುಕುವ ದಾರಿಯೂ ಒಂದಿದೆ. ಗೋಧಿಯ ತಳಿಗಳಿಂದ ಹೆಸರಾದ ಬೆಂಜಮಿನ್ ಪಿಯರಿ ಪಾಲ್ ಅವರು 1965ರಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಮೊದಲ ಮಹಾನಿರ್ದೇಶಕರಾದರು. ಅನ್ನದ ಚಿಂತೆಯ ನಡುವೆಯೂ ಈ ದೇಶದ ಬಿಸಿಲಿಗೆ ಒಗ್ಗುವ ಗುಲಾಬಿಗಳನ್ನು ಹುಟ್ಟಿಸಿದರು. ಸರಕಾರಿ ಸೇವೆಯನ್ನು ಬಿಟ್ಟು ಕೊಡೈಕನಾಲಿನಲ್ಲಿ ನೆಲೆಸಿದ ವೀರರಾಘವನ್ ಅವರು ಮತ್ತೂ ಮುಂದೆ ಹೋಗಿ ಭಾರತದ ಕಾಡುಗುಲಾಬಿಗಳನ್ನೇ ಹಿಡಿದರು. ಬಂಗಾಲ ಮೊದಲಾದ ಬಯಲುಗಳಲ್ಲಿ ಹೊಳೆಯ ದಂಡೆಗೆ, ಸೆಕೆಯಲ್ಲಿ, ಮಳೆಗಾಲದ ನೀರಿನಲ್ಲಿ ನಿಂತೇ ಬದುಕುವ ಬಿಳಿಯ ಕಾಡುಗುಲಾಬಿಯೊಂದುಂಟು. ಅದನ್ನೂ ಮಣಿಪುರದ ಬೆಟ್ಟದ ದೊಡ್ಡ ಹೂವಿನ ಬಳ್ಳಿಗುಲಾಬಿಯನ್ನೂ ತೋಟದ ಗುಲಾಬಿಯೊಡನೆ ಕೂಡಿಸಿ ಉಷ್ಣದೇಶದ ಹೂವನ್ನು ಪಡೆಯುವ ಕೆಲಸವನ್ನು ಅವರು ದಶಕಗಳ ಕಾಲ ನಡೆಯಿಸಿದರು. ಒಂದು ಸಂಕರದ ಗುಣದೋಷ ತಿಳಿಯುವದಕ್ಕೆ ವರ್ಷಗಳು ಬೇಕು. ಅಷ್ಟು ತಾಳ್ಮೆಯಿಲ್ಲದ ಸಾಮಾನ್ಯ ಗೃಹಸ್ಥನಿಗೆ ಪನ್ನೀರು ಗುಲಾಬಿ ಇದ್ದೇ ಇದೆ. ಹೂವು ಸಣ್ಣದು, ಬೇಗ ಉದುರುವದು, ಆದರೆ ಒಂದು ಹೂವಿನ ಕಂಪು ಓಣಿಯ ತಿರುವಿನವರೆಗೆ ಬರುವದು. ಉದಕಮಂಡಲದ ದೊಡ್ಡ ಹೂಗಳಲ್ಲಿ ಎಷ್ಟಕ್ಕೋ ವಾಸನೆಯೇ ಇಲ್ಲವೆಂಬುದನ್ನು ಅವುಗಳ ಭಕ್ತರು ಹೇಳಲಾರರು.

ಕಮರಿಪೇಟೆಯ ಗಿಡವನ್ನು ಆ ವರ್ಷ ಕೀಳಲಿಲ್ಲ. ಅದನ್ನು ಮಾಳಿಗೆಯ ಪೂರ್ವದ ಮೂಲೆಗೆ, ಬೆಳಗಿನ ಬಿಸಿಲು ಮಾತ್ರ ತಾಗುವಲ್ಲಿ, ಸೊಸೆಯೇ ಸರಿಸಿದಳು. ನಳದ ನೀರನ್ನು ಅದಕ್ಕೆ ಹಾಕಲಿಲ್ಲ. ಅಕ್ಕಿ ಬೇಳೆ ತೊಳೆದ ನೀರು, ಕಾಯಿಪಲ್ಲೆ ತೊಳೆದ ನೀರು ಸಾಕಾಯಿತು. ದಸರೆಯಾದ ಮೇಲೆ ನೀರು ನಿಲ್ಲಿಸಿ, ಒಣಗಿದ ಟೊಂಗೆಗಳನ್ನು ತೆಗೆದು, ಹಸಿಯವನ್ನು ಅರ್ಧಕ್ಕೆ ಸವರಿ, ಕತ್ತರಿಸಿದ ತುದಿಗೆ ಸಗಣಿ ಮೆತ್ತಿದಳು. ಶಿರಸಿಯ ತೌರುಮನೆಯಲ್ಲಿ ಮಲ್ಲಿಗೆಗೆ ಹಾಗೆ ಮಾಡುತ್ತಿದ್ದರಂತೆ. ಅಷ್ಟು ವರ್ಷ ಅದನ್ನು ಅವಳನ್ನು ಯಾರೂ ಕೇಳಿರಲಿಲ್ಲ. ಐವತ್ತು ದಿವಸಕ್ಕೆ, ಚಳಿ ಹತ್ತಿದಾಗ, ಎರಡು ಮೊಗ್ಗುಗಳು ಬಂದವು. ಒಂದನ್ನು ಮುದುಕಿಯು ದೇವರಿಗೆ ಏರಿಸಿದಳು. ಇನ್ನೊಂದು ಗಿಡದಲ್ಲಿಯೇ ನಾಲ್ಕು ದಿನ ಇದ್ದಿತು. ಅಂಚಿಗೆ ಕೆಂಪು ಬಂದಿತ್ತು. ಯಜಮಾನನು ಅದನ್ನು ದಿನವೂ ನೋಡಿದನು. ಉದಕಮಂಡಲದಷ್ಟು ದೊಡ್ಡದಾಗಲಿಲ್ಲವೆಂದು ಈಗಲೂ ಹೇಳುವನು. ತಾಯಿಯು ಆ ಮಾತಿಗೆ ಉತ್ತರ ಕೊಡುವದನ್ನು ಬಿಟ್ಟಿರುವಳು. ಬರುವ ದಸರೆಗೆ ಎರಡು ಬುಟ್ಟಿ ಕೆಮ್ಮಣ್ಣು ಬೇಕೆಂದು ಸೊಸೆಯು ಅವನಿಗೆ ಹೇಳಿಟ್ಟಿರುವಳು.